ಒಂದೂವರೆ ಬೆರಳು ಆಟ

“ನಿನ್ನ ಹೆಸರಾ? ಬರೆಯೋಕೆ ನಿನಗೇ ಬರಲ್ಲ, ಬೋರ್ಡಿಗೆ ಬೇರೆ ಬೇಕಾ? ಹೋಗು, ಮೊದಲು ಉಗುರು ತೊಳ್ಕೊಂಡು ಬಾ!”

ಹಳೇ ಕಾರುಗಳ ಪ್ರದರ್ಶನದ ಮೈದಾನ. ಸುತ್ತ ನೂರು ಜನ. ಇಷ್ಟು ಹೇಳಿ ಕಾರಿನ ಮಾಲೀಕ ತಾನೇ ಮೊದಲು ನಕ್ಕ. ಆಮೇಲೆ ಅವನ ಸ್ನೇಹಿತರು ನಕ್ಕರು. ನನ್ನ ಭಾವ ಕೈ ನೋಡಿಕೊಂಡ. ಬೆಳಿಗ್ಗೆ ಸೀಮೆಎಣ್ಣೆ, ಸೋಪು, ಮರಳು ಮೂರೂ ಹಾಕಿ ಉಜ್ಜಿದ್ದ. ಉಗುರಿನ ಸಂದಿಯ ಗ್ರೀಸ್ ಜಪ್ಪಯ್ಯ ಅಂದಿರಲಿಲ್ಲ. ಮೈಮೇಲೆ ಅಕ್ಕ ಇಸ್ತ್ರಿ ಮಾಡಿಕೊಟ್ಟ ಬಿಳಿ ಅಂಗಿ.

ಬೋರ್ಡಿನ ಮಾತು ಎತ್ತಿದವನು ಭಾವ ಅಲ್ಲ. ಆರು ತಿಂಗಳ ಹಿಂದೆ ಮಾಲೀಕನೇ ಎತ್ತಿದ್ದ. “ಸ್ಟೀರಿಂಗ್ ಸರಿ ಮಾಡ್ಕೊಡು ಮೇಸ್ತ್ರಿ. ಕಾರಿನ ಮುಂದೆ ‘ದುರಸ್ತಿ ಮಾಡಿದವರು’ ಅಂತ ನಿನ್ನ ಹೆಸರೇ ಹಾಕಿಸ್ತೀನಿ.” ಆ ಹೆಸರು ನೋಡಿಯೇ ಕಾರು ಸಂಘದವರು ತಮ್ಮ ವರ್ಕ್‌ಶಾಪಿಗೆ ಫಿಟ್ಟರನ್ನು ಆರಿಸುತ್ತಾರೆ. ಭಾವನಿಗೆ ಬೇಕಿದ್ದದ್ದು ಆ ಕೆಲಸ. ಈಗ ಬೋರ್ಡಿನಲ್ಲಿ ಇದ್ದದ್ದು ಮಾಲೀಕನ ಹೆಸರು. ಕೆಳಗೆ ‘ಸ್ವಂತ ಕೈಯಿಂದ’ ಅಂತ ಬೇರೆ.

ಆ ಸ್ವಂತ ಕೈಯ ಕಥೆ ನನಗೆ ಗೊತ್ತು. ಭಾವ ಕೆಲಸ ಮಾಡುವ ಶೆಡ್ಡಿನಲ್ಲೇ ತಗಡು ಬಡಿಯುವವನು ನಾನು. ಕಾರು ಬಂದಾಗ ಸೀಟಿನ ಮೇಲೆ ಕೋಳಿ ಮೊಟ್ಟೆ ಇತ್ತು. ಸ್ಟೀರಿಂಗ್ ಬಾಕ್ಸ್ ಬಿಚ್ಚಿದರೆ ಗ್ರೀಸ್ ಕಲ್ಲಾಗಿತ್ತು. ಭಾವ ಅದನ್ನು ಚಮಚದಲ್ಲಿ ಕೆರೆದು ತೆಗೆದ. ಒಳಗೆ ಸವೆದಿದ್ದ ಬುಷ್ ಬಳೆಗಳಿಗೆ ಬದಲಿ ಎಲ್ಲೂ ಸಿಗಲಿಲ್ಲ. ಕಂಚಿನ ಸರಳು ತಂದು ಲೇತಿನಲ್ಲಿ ತಾನೇ ಕಡೆದ. ಮಾಲೀಕ ಬಂದದ್ದು ಒಂದೇ ದಿನ. ಬೆರಳಿಗೆ ಗ್ರೀಸ್ ಅದ್ದಿ ಕೆನ್ನೆಗೆ ಬಳಿದುಕೊಂಡು, ಸ್ಪ್ಯಾನರ್ ಹಿಡಿದು ಫೋಟೋ ತೆಗೆಸಿಕೊಂಡ. ಸ್ಪ್ಯಾನರ್ ಹಿಡಿದ ಕಡೆ ನಟ್ಟೇ ಇರಲಿಲ್ಲ.

ಕೊನೆಯ ಕೆಲಸ ಬಾಕ್ಸಿನ ಮೇಲಿನ ತಿರುಪು. ಚಕ್ರ ನೇರ ಮಾಡಿ, ತಿರುಪನ್ನು ಒಂಚೂರು ಬಿಗಿ, ಒಂಚೂರು ಸಡಿಲ. ಭಾವ ಸ್ಟೀರಿಂಗಿನ ಅಂಚಿಗೆ ಬೆರಳಿಟ್ಟು ಅಲ್ಲಾಡಿಸಿದ. “ಒಂದೂವರೆ ಬೆರಳು ಆಟ. ಸಾಕು.” ನಮ್ಮ ಕಸುಬಿನಲ್ಲಿ ಆಟ ಅಂದರೆ, ಚಕ್ರ ಅಲುಗುವ ಮೊದಲು ಸ್ಟೀರಿಂಗ್ ಸುಮ್ಮನೆ ಆಡುವಷ್ಟು ಜಾಗ. “ಇದೂ ಇಲ್ದಂಗೆ ಬಿಗಿ ಮಾಡಿದ್ರೆ, ಗಾಡಿ ನಮ್ಮ ಸಾಹೇಬ್ರ ಥರ ಸೆಟ್ಕೊಂಡ್ಬಿಡ್ತದೆ ಕಣೋ,” ಅಂದ.

ಈಗ ತೀರ್ಪುಗಾರ್ತಿ ಬಂದರು. ನರೆಗೂದಲು, ಕೈಯಲ್ಲಿ ಹಾಳೆ, ಪೆನ್ಸಿಲ್.

“ಸ್ಟೀರಿಂಗ್ ಪೂರ್ತಿ ನಾನೇ ಮಾಡಿದ್ದು ಮೇಡಂ,” ಅಂದ ಮಾಲೀಕ.

“ಒಳ್ಳೇದು. ಆಟ ಎಷ್ಟು ಇಟ್ಟಿದ್ದೀರಿ?”

ಮಾಲೀಕನ ಮುಖ ಕೆಂಪಾಯಿತು. “ಆಟನಾ? ಛೆ ಛೆ! ನಾನು ಅಂಥೋನಲ್ಲ ಮೇಡಂ. ಕೆಲಸ ಅಂದ್ರೆ ಕೆಲಸ. ಆಟಗೀಟ ಒಂಚೂರೂ ಇಟ್ಕೊಂಡಿಲ್ಲ!”

ಪಕ್ಕದ ಕಾರಿನ ಡ್ರೈವರ್ ಕಿಸಕ್ಕೆಂದ. ಅವನಿಂದ ಟೈರಿನವನಿಗೆ, ಟೈರಿನವನಿಂದ ಬಣ್ಣದವನಿಗೆ. ಮೈದಾನದಲ್ಲಿ ಉಗುರು ಕಪ್ಪಾಗಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡರು. “ಸಾಹೇಬ್ರು ಆಟಕ್ಕೆ ಸೇರಲ್ವಂತೆ ಕಣ್ರೋ!” ಯಾರೋ ಕೂಗಿದರು.

ತೀರ್ಪುಗಾರ್ತಿ ನಗಲಿಲ್ಲ. ಸ್ಟೀರಿಂಗಿನ ಅಂಚಿಗೆ ಬೆರಳಿಟ್ಟು ಅಲ್ಲಾಡಿಸಿದರು. “ಆಟ ಇದೆಯಲ್ಲ. ಬಲ್ಲೋರು ಅಳೆದು ಇಟ್ಟಿದ್ದಾರೆ. ಎಷ್ಟು ಅಂತ ಇಟ್ಟೋರೇ ಹೇಳ್ಲಿ, ಬರ್ಕೋತೀನಿ. ಇಲ್ಲಾಂದ್ರೆ ಈ ಗಾಡಿ ಮೆರವಣಿಗೆಗೆ ಹೊರಡಲ್ಲ.”

ಮಾಲೀಕ ಭಾವನ ಕಡೆ ತಿರುಗಿದ. ದನಿ ಬೆಣ್ಣೆಯಾಗಿತ್ತು.

“ಅಣ್ಣಾ… ಎಷ್ಟು ಇಟ್ಟಿದ್ದೆ… ಅಲ್ಲಲ್ಲ, ಇಟ್ಟಿದ್ರಿ? ಸ್ವಲ್ಪ ಹೇಳ್ಬಿಡಿ.”

ಕೇಳಿದ್ದು ಅದೇ ನೂರು ಜನರ ಮುಂದೆ. ‘ಸ್ವಂತ ಕೈಯಿಂದ’ ಅನ್ನುವ ಬೋರ್ಡು ಅವನ ಬೆನ್ನಿಗೇ ಇತ್ತು.

ಭಾವ ಬೋರ್ಡು ನೋಡಿದ. ಉಗುರು ನೋಡಿಕೊಂಡ. ಆಮೇಲೆ ಮೈದಾನದ ಆ ತುದಿಯಲ್ಲಿದ್ದ ನಲ್ಲಿಯ ಕಡೆ ನಡೆದ. ಡ್ರೈವರುಗಳು ಸರಿದು ದಾರಿ ಬಿಟ್ಟರು. ತೊಳೆದುಕೊಂಡು ಬಾ ಅಂದಿದ್ದನಲ್ಲ, ತೊಳೆಯೋಕೆ ಹೊರಟ ಅಂತಲೇ ಎಲ್ಲರೂ ಅಂದುಕೊಂಡರು.

“ಅಣ್ಣಾ! ಅಣ್ಣೋ!”

ಭಾವ ನಲ್ಲಿಯನ್ನೂ ದಾಟಿ ಹೋದ.