ಕೂಗದ ಸೈರನ್

ಮುಬಶ್ಶಿರಾ ಶೆಟ್ಟಿಹಳ್ಳಿಯ ತನ್ನ ಮನೆಯಲ್ಲೇ ಕೂತು ಸಣ್ಣಪುಟ್ಟ ಯಂತ್ರಗಳಿಗೆ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆದುಕೊಡುತ್ತಿದ್ದಳು. ಕುಣಿಗಲ್ ಹತ್ತಿರ ನಾಟಿ ಕೋಳಿಮರಿ ಮಾಡಿಸುವ ಪ್ರಮೀಳಾಗೂ ಶಾಖದ ಮೇಲೆ ಕಣ್ಣಿಡುವ ಒಂದು ಸಾಧನ ಮಾಡಿಕೊಟ್ಟಿದ್ದಳು. ಅದರ ಪ್ರೋಗ್ರಾಂನಲ್ಲಿ ಏಕಕಾಲಕ್ಕೆ ನಡೆಯುವ ಎರಡು ಥ್ರೆಡ್‌ಗಳಿದ್ದವು. ಒಂದು ಕಾವುಪೆಟ್ಟಿಗೆಯ ಶಾಖವನ್ನು ಮೆಮೊರಿ ಕಾರ್ಡಿನ ಫೈಲಿಗೆ ಬರೆಯುತ್ತಿತ್ತು. ಶಾಖ ಮಿತಿಮೀರಿದರೆ ಇನ್ನೊಂದು ಸೈರನ್ ಕೂಗಿಸಬೇಕಿತ್ತು.

ಭಾನುವಾರ ಹೀಟರಿನ ಸ್ವಿಚ್ ಅಂಟಿಕೊಂಡು ಶಾಖ ಏರುತ್ತಲೇ ಹೋಯಿತು. ಸೈರನ್ ಕೂಗಲಿಲ್ಲ. ಪ್ರಮೀಳಾ ಗುಬ್ಬಿಯ ತಂಗಿ ಮನೆಯಿಂದ ವಾಪಸ್ ಬರುವಷ್ಟರಲ್ಲಿ, ಚಿಪ್ಪು ಒಡೆಯಲು ಶುರು ಮಾಡಿದ್ದ ಮರಿಗಳು ಅರ್ಧ ಹೊರಬಂದು ಸತ್ತಿದ್ದವು.

ಮರುದಿನ ಬೆಳಿಗ್ಗೆ ಮುಬಶ್ಶಿರಾ ಬಸ್ಸಿಳಿದು ಬಂದು ಲ್ಯಾಪ್‌ಟಾಪ್ ಜೋಡಿಸಿ ನೋಡಿದಳು. ಪ್ರೋಗ್ರಾಂ ನಿಂತಿರಲಿಲ್ಲ. ಕಾರ್ಡ್ ಕೆಟ್ಟಿತ್ತು.

"ಬರೆಯೋ ಥ್ರೆಡ್ ಕಾರ್ಡಿಗೆ ಕಾಯ್ತಾ ನಿಂತ್ಬಿಟ್ಟಿದೆ ಅಕ್ಕಾ. ಶಾಖದ ಅಂಕಿ ಮುಟ್ಟೋಕೆ ಒಂದ್ಸಲಕ್ಕೆ ಒಬ್ರಿಗೇ ಸಿಗೋ ಲಾಕ್ ಅದರ ಕೈಲೇ ಇದೆ. ಸೈರನ್ ಥ್ರೆಡ್‌ಗೂ ಅದೇ ಲಾಕ್ ಬೇಕು."

"ಕಾರ್ಡ್ ಕೆಟ್ರೂ ಏನೂ ನಿಲ್ಲಲ್ಲ ಅಂದಿದ್ದೆಯಲ್ಲಮ್ಮ?"

"ಫೈಲನ್ನ ನಾನ್-ಬ್ಲಾಕಿಂಗ್ ಅಂತ ಓಪನ್ ಮಾಡಿದ್ದೆ. ಕೆಲ್ಸ ಆಗ್ದಿದ್ರೆ ಕಾಯ್ಬೇಡ, ತಕ್ಷಣ ವಾಪಸ್ ಬಾ ಅಂತ ಅದರರ್ಥ. ಪ್ರೋಗ್ರಾಂಗಳ ನಡುವೆ ಮಾಹಿತಿ ಸಾಗಿಸೋ ಪೈಪಿಗೆ, ನೆಟ್‌ವರ್ಕಿಗೆ ಅದು ನಡೆಯುತ್ತೆ. ಮಾಮೂಲಿ ಫೈಲು ಆ ಮಾತು ಕೇಳೋದೇ ಇಲ್ಲ. ನಂಗೆ ಗೊತ್ತಿರ್ಲಿಲ್ಲ ಅಕ್ಕಾ."

ಮುಬಶ್ಶಿರಾ ಅಲ್ಲೇ ನೆಲದ ಮೇಲೆ ಕೂತು ತಿದ್ದಿದಳು. ಲಾಕ್ ಹಿಡಿದು ಶಾಖದ ಅಂಕಿಯನ್ನಷ್ಟೇ ನಕಲು ಮಾಡಿಕೊಂಡು, ಲಾಕ್ ಬಿಟ್ಟ ಮೇಲೆ ಫೈಲಿಗೆ ಬರೆಯುವಂತೆ ಬದಲಿಸಿದಳು. ಬರೆಯುವ ಥ್ರೆಡ್ಡನ್ನು ಬೇಕೆಂದೇ ತಡೆದು ನಿಲ್ಲಿಸಿ, ಶಾಖದ ಮಿತಿ ಇಳಿಸಿದಳು. ಸೈರನ್ ಜೋರಾಗಿ ಕೂಗಿತು.

ಆ ಸದ್ದಿಗೆ ಪಕ್ಕದ ಮನೆಯ ರೇವಮ್ಮ ಓಡಿಬಂದಳು. ತನ್ನ ಕೋಳಿಗಳ ಮೊಟ್ಟೆಯನ್ನೆಲ್ಲ ಆಕೆ ಇಲ್ಲಿಗೇ ಕೊಟ್ಟಿದ್ದಳು.

"ಮರಿ ಆದ್ವೇನವ್ವಾ?"

ರೇವಮ್ಮ ಟ್ರೇಗಳನ್ನು ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಟುಹೋದಳು.

"ಆಫ್ ಮಾಡು. ಇನ್ ಈ ಕೆಲ್ಸ ನಂಗ್ ಬೇಡ" ಎಂದಳು ಪ್ರಮೀಳಾ.

"ಈಗ ಸರಿಯಾಗಿದೆ ಅಕ್ಕಾ."

"ಆಗಿರ್ಬೋದು ಬುಡು. ಇನ್ಯಾರು ನಂಬಿ ಮೊಟ್ಟೆ ಕೊಡ್ತಾರೆ ನಂಗೆ?"

ಇಬ್ಬರೂ ಟ್ರೇಗಳನ್ನು ಹೊತ್ತು ಹಿತ್ತಲಿನ ಗುಂಡಿಗೆ ತಂದರು. ಒಂದು ಮೊಟ್ಟೆಯೊಳಗಿಂದ ಕ್ಷೀಣವಾಗಿ ಕೀಚುದನಿ ಕೇಳಿಸಿತು. ಮುಬಶ್ಶಿರಾ ಅದನ್ನು ದುಪಟ್ಟಾದಲ್ಲಿ ಸುತ್ತಿ, ಎದೆಗವಚಿಕೊಂಡು ಜಗಲಿಯ ಮೇಲೆ ಕೂತಳು. ಮಧ್ಯಾಹ್ನದ ಹೊತ್ತಿಗೆ ಅದೂ ಸುಮ್ಮನಾಯಿತು. ಪ್ರಮೀಳಾ ಗುಂಡಿ ಮುಚ್ಚಲು ಗುದ್ದಲಿ ಹಿಡಿದು ನಿಂತಿದ್ದಳು. ಅವಳು ಕೈ ಚಾಚಿದಳು; ಮುಬಶ್ಶಿರಾ ಮೊಟ್ಟೆಯನ್ನು ಅವಳ ಕೈಗಿಟ್ಟಳು.