ಹದಿನೆಂಟನೆಯ ಕುಳಿಯ ಚೆಂಡು

ಬರೆಯಬೇಕಾದ ಹತ್ತು ವರ್ಷಗಳಲ್ಲಿ ಮೊದಲನೆಯದೇ ಎಲ್ಲಕ್ಕಿಂತ ಸುಲಭ ಎಂದುಕೊಂಡಿದ್ದಳು ಸರಿತಾ. ಕೊಹೀರ್ ಹತ್ತಿರದ ಮೈದಾನದಲ್ಲಿ ವೃತ್ತಿಪರ ಮಹಿಳೆಯರ ಗಾಲ್ಫ್ ಪಂದ್ಯಾವಳಿ ಶುರುವಾಗಿ ಈ ಸಲಕ್ಕೆ ಹತ್ತು ತುಂಬುತ್ತಿತ್ತು. ಸ್ಮರಣ ಸಂಚಿಕೆಯ ಕನ್ನಡ ಭಾಗವನ್ನು ಆಕೆಗೆ ಒಪ್ಪಿಸಿದ್ದರು. ನೋಡಲು ಬರುವವರಲ್ಲಿ ಅರ್ಧ ಜನ ಗಡಿಯಾಚೆಯ ಬೀದರ್ ಕಡೆಯವರೇ, ಅದಕ್ಕೇ ಕನ್ನಡ ಭಾಗ. ಮೊದಲ ವರ್ಷ ಗೆದ್ದವಳು ತಾಂಡೂರಿನ ಭವಾನಿ. ಅವರ ಮನೆತನದ್ದು ಕಲ್ಲು ಪಾಲಿಶ್ ಮಾಡುವ ಕೆಲಸ. ಅವಳಾದ ಮೇಲೆ ಈ ಭಾಗದವರು ಯಾರೂ ಗೆದ್ದಿಲ್ಲ, ಅವಳೂ ಮತ್ತೆಲ್ಲೂ ಗೆದ್ದಿಲ್ಲ.

ಬರೆದದ್ದನ್ನು ಜೋರಾಗಿ ಓದಿ ನೋಡುವುದು ಸರಿತಾಳ ಅಭ್ಯಾಸ. ಜಹೀರಾಬಾದಿನ ಮನೆಯ ಪಡಸಾಲೆಯಲ್ಲಿ ಅತ್ತೆ ಬಾಳಮ್ಮ ತೊಗರಿ ಹಸನು ಮಾಡುತ್ತಿದ್ದಳು. ಸರಿತಾ ಓದಿದಳು: ಕೊನೆಯದಾದ ಹದಿನೆಂಟನೆಯ ಕುಳಿ ದಿಬ್ಬದ ಆಚೆ ಇತ್ತು. ಹೊಡೆಯುವವರಿಗೆ ಬಾವುಟದ ತುದಿ ಮಾತ್ರ ಕಾಣುತ್ತಿತ್ತು. ಭವಾನಿ ಹೊಡೆದಳು, ಎಲ್ಲರೂ ದಿಬ್ಬ ಹತ್ತಿ ನೋಡಿದರೆ ಚೆಂಡು ಕುಳಿಯಿಂದ ಎರಡೇ ಗೇಣು ದೂರದಲ್ಲಿತ್ತು. ಒಂದು ಹೊಡೆತದ ಅಂತರದಲ್ಲಿ ಗೆದ್ದಳು.

"ಅದು ನಾ ಇಟ್ಟಿದ್ದವ್ವ," ಎಂದಳು ಬಾಳಮ್ಮ, ಮೊರದಿಂದ ಕಣ್ಣೆತ್ತದೆ.

"ಏನ್ ಇಟ್ಟಿದ್ದು?"

"ಚೆಂಡು. ಬಾವುಟದ ಬಾಜೂಕ."

ಆ ಮೊದಲ ವರ್ಷಗಳಲ್ಲಿ ಮೈದಾನದವರ ಹತ್ತಿರ ಅಂಚಿನ ಹುಲ್ಲು ಕತ್ತರಿಸುವ ಯಂತ್ರವಿರಲಿಲ್ಲ. ಆಗ ಆ ಕಡೆಯೇ ಇದ್ದ ಬಾಳಮ್ಮನ ಕುರಿಗಳೇ ಮೇಯುತ್ತಿದ್ದವು. ಪಂದ್ಯದ ದಿನ ಕುರಿ ತರಬೇಡಿ ಎಂದಿದ್ದರು. ತಂದಿರಲಿಲ್ಲ. ಆದರೆ ಒಂದು ಕುರಿ ಹಿಂದಿನ ಸಂಜೆಯೇ ತಪ್ಪಿಸಿಕೊಂಡಿತ್ತು. ಅದನ್ನು ಹುಡುಕುತ್ತ ಬಂದವಳಿಗೆ ಹುಲ್ಲಿನಲ್ಲಿ ಬಿಳಿ ಚೆಂಡು ಸಿಕ್ಕಿತು. ಕುರಿ ಕಾಯುವವರ ರೀತಿ ಸರಿತಾಳಿಗೂ ಗೊತ್ತಿತ್ತು: ಅಡವಿಯಲ್ಲಿ ಸಿಕ್ಕಿದ್ದು ಗಂಟೆಯಾಗಲಿ, ಕುಡಗೋಲಾಗಲಿ, ಮನೆಗೆ ಒಯ್ಯುವಂತಿಲ್ಲ, ಕಳಕೊಂಡವರ ಕಣ್ಣಿಗೆ ಬೀಳುವ ಹಾಗೆ ಹತ್ತಿರದ ಬಂಡೆಯ ಮೇಲೋ ಹುತ್ತದ ಮೇಲೋ ಇಟ್ಟು ಹೋಗಬೇಕು.

"ಅಲ್ಲಿ ದೊಡ್ಡ ಬಂಡೆ ಇರಲಿಲ್ಲ. ಬಾವುಟ ಇತ್ತು. ಕಾಣ್ಲಿ ಅಂತ ನೆಟ್ಟಿರ್ತಾರ ಅಂದ್ಕೊಂಡೆ. ಇಟ್ಟು ಕುರಿ ಹಿಂದ ಹೋದೆ."

"ಅವತ್ತೇನಾ? ಆಟದ ದಿನಾನೇನಾ?"

"ದಿನ ಯಾರ್ ನೆನಪಿಟ್ಟಾರ? ಶಾಮಿಯಾನ ಹಾಕಿದ್ರು. ನಂಗ ಅಷ್ಟ ಗೊತ್ತು."

ಶಾಮಿಯಾನ ಹಾಕಿದ್ದು ಕೊನೆಯ ದಿನ ಮಾತ್ರ. ಅದನ್ನು ಹಿಂದಿನ ಪುಟದಲ್ಲಿ ಸರಿತಾಳೇ ಬರೆದಿದ್ದಳು.

ಮರುದಿನ ಬಸ್ಸು ಹಿಡಿದು ನಾರಾಯಣಖೇಡಕ್ಕೆ ಹೋದಳು. ಅಲ್ಲಿನ ನಿವೃತ್ತ ಡ್ರಿಲ್ ಮಾಸ್ತರ ಕಾಶಪ್ಪ ಆ ವರ್ಷ ಭವಾನಿ ಆಡಿದ ಜೋಡಿಯ ಹೊಡೆತಗಳ ಲೆಕ್ಕ ಬರೆಯುತ್ತ ಜೊತೆಗೆ ನಡೆದವರು. ಆಟದ ನಿಯಮಗಳು ಅವರಿಗೆ ಬಾಯಿಪಾಠ. ಹೆಸರು ಹೇಳದೆ ಕೇಳಬೇಕೆಂದು ಸರಿತಾ ದಾರಿಯುದ್ದಕ್ಕೂ ಮಾತು ಜೋಡಿಸಿದ್ದಳು.

"ಹೊರಗಿನವರು ಯಾರರೆ ಚೆಂಡು ಎತ್ತಿಟ್ಟಿದ್ರ ಏನ್ ಮಾಡ್ತಾರ್ರಿ ಸರ್?"

"ಗೊತ್ತಾದ್ರ ಮೊದಲಿದ್ದ ಜಾಗಾಕ ಇಟ್ಟು ಆಡಬೇಕು. ಗೊತ್ತಾಗಲಿಲ್ಲಂದ್ರ ಇದ್ದಲ್ಲಿಂದಾನೇ ಆಡಬೇಕು, ತಪ್ಪಿಲ್ಲ. ಆಟ ಮುಗೀತು, ಸಹಿ ಆತು, ಖತಂ."

ಸರಿತಾಳ ಎದೆ ಹಗುರಾಯಿತು. ಎದ್ದು ನಿಂತವಳು ಸುಮ್ಮನೆ ಹೋಗಬಹುದಿತ್ತು. "ಗೊತ್ತಿದ್ದೂ ಆಡಿದ್ರ?" ಎಂದು ಕೇಳಿಬಿಟ್ಟಳು.

ಕಾಶಪ್ಪ ಚಹಾ ಬಸಿಯನ್ನು ಕೆಳಗಿಟ್ಟರು. "ಆಗ ಹತ್ತು ವರ್ಷ ಆಗ್ಲಿ, ಇಪ್ಪತ್ತಾಗ್ಲಿ, ಹೆಸರು ತೆಗೀತಾರ. ಯಾರ ಮಾತು ಇದು?"

"ಸುಮ್ನ ಕೇಳಿದೆ."

"ಕಾಲೇಜ್ ಓದಿದವರು ಸುಮ್ನ ಏನೂ ಕೇಳಾಂಗಿಲ್ಲ. ತಾಂಡೂರಿಗೆ ಮಾತ್ರ ಹೋಗಬ್ಯಾಡ್ರಿ."

ಅವರು ಹಾಗೆಂದ ಮೇಲೆ ಹೋಗದೇ ಇರುವುದು ಆಗಲಿಲ್ಲ.

ತಾಂಡೂರಿನಲ್ಲಿ ಭವಾನಿ ಕಲ್ಲಿನ ಕಾರ್ಖಾನೆಯ ಹಿಂದಿನ ಬಯಲಲ್ಲಿ ಆರು ಹುಡುಗಿಯರಿಗೆ ಆಟ ಕಲಿಸುತ್ತಿದ್ದಳು. ಅಕ್ಕಪಕ್ಕ ನೀಲಿ ಚಪ್ಪಡಿಗಳ ಸಾಲು, ಕೊಯ್ಯುವ ಯಂತ್ರದ ಸದ್ದು. ಗೊತ್ತಿತ್ತಾ ಎಂದು ಕೇಳಲೋ, ಅನುಮಾನ ಬಂದಿತ್ತಾ ಎಂದು ಕೇಳಲೋ? ಯಾವ ಪದ ಬಳಸಿದರೆ ಅವಳು ಉಳಿಯುತ್ತಾಳೆ? ಸರಿತಾ ಯಾವುದನ್ನೂ ಕೇಳಲಿಲ್ಲ. ಅತ್ತೆ ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳಿದಳು.

ಭವಾನಿ ಒಬ್ಬ ಹುಡುಗಿಯ ಕೋಲಿನ ಹಿಡಿತ ಸರಿಮಾಡಿ ಬಂದಳು. "ಯಾವ ಕಡೆ ಸಿಕ್ಕಿತ್ತಂತ್ರಿ? ಬಲಕ್ಕಾ?"

"ಕೇಳಿಲ್ಲ."

"ಬಲಕ್ಕೇ ಇರ್ತದ. ಹೊಡದಾಗ ಕಲ್ಲಿಗೆ ಬಡಿದ ಸಪ್ಪಳ ಕೇಳಿತ್ತು. ಕಲ್ಲಿನ ಸಪ್ಪಳ ನಂಗ ತಪ್ಪಾಂಗಿಲ್ಲ. ದಿಬ್ಬ ಹತ್ತಿ ನೋಡಿದ್ರ ಚೆಂಡು ಬಾವುಟದ ಬಾಜೂಕ. ಕಲ್ಲಿಗೆ ಬಡಿದು ಪುಟಿದು ಬಂದದ ಅಂದ್ಕೊಂಡೆ."

"ಹಂಗಂದ್ರ ನಿಮಗ..."

"ತಡೀರಿ. ಚೆಂಡಿಗೆ ಕುರಿ ಹಿಕ್ಕಿ ಅಂಟಿತ್ತು. ಕುಳಿ ಸುತ್ತ ಕುರಿ ಎಲ್ಲಿಂದ ಬರಬೇಕು? ಅಲ್ಲಿ ಚೆಂಡು ಎತ್ತಿ ಒರೆಸಾಕ ನಿಯಮ ಅದ. ಒರೆಸಿದೆ. ಆಡಿದೆ." ಅವಳು ಸರಿತಾಳ ಕಡೆ ತಿರುಗಿದಳು. "ನೀವು ಓದಿದವರು. ಇದಕ್ಕ ಗೊತ್ತಿತ್ತು ಅಂತಾರೋ, ಇಲ್ಲ ಅಂತಾರೋ? ಹತ್ತು ವರ್ಷ ಆತು, ಒಂದಿನ ಹಂಗ ಅನಸ್ತದ, ಒಂದಿನ ಹಿಂಗ."

ಸರಿತಾಳಿಗೂ ಹಾಗೇ ಅನ್ನಿಸುತ್ತಿತ್ತು, ಅದೂ ಒಂದೇ ನಿಮಿಷದಲ್ಲಿ ಎರಡೆರಡು ಸಲ.

"ನಿಮ್ಮತ್ತಿ ನಾ ಗೆಲ್ಲಲಿ ಅಂತ ಇಟ್ಟಿದ್ದಲ್ಲಲ್ಲ?"

"ಅಲ್ರಿ. ಕಳಕೊಂಡವರಿಗೆ ಸಿಗಲಿ ಅಂತ."

ಭವಾನಿಯ ತುಟಿಯಲ್ಲಿ ನಗು ಬಂದ ಹಾಗಾಯಿತು. "ಸಿಕ್ಕಿತು ನೋಡ್ರಿ. ಬರೀರಿ. ಹಿಕ್ಕಿ ಸಹಿತ ಬರೀರಿ."

"ನಿಮ್ಮ ಹೆಸರು ಹೋಗಬಹುದು."

"ಹೋಗಬಹುದು," ಎಂದು ಒಪ್ಪಿಕೊಂಡು ಆಕೆ ಹುಡುಗಿಯರ ಹತ್ತಿರ ಹೋದಳು.

ಸರಿತಾ ಬರೆದಳು. ಸಪ್ಪಳ, ಹುಲ್ಲು, ಬಾಳಮ್ಮ, ಬಾವುಟ, ಹಿಕ್ಕಿ, ಒರೆಸಿದ್ದು, ಎಲ್ಲವನ್ನೂ ನಡೆದ ಕ್ರಮದಲ್ಲಿ. ಗೊತ್ತಿತ್ತು ಎಂಬ ಮಾತನ್ನು ಎಲ್ಲಿಯೂ ಬಳಸಲಿಲ್ಲ, ಗೊತ್ತಿರಲಿಲ್ಲ ಎಂಬುದನ್ನೂ. ಕಳಿಸಿದ ಮೇಲೆ ಎರಡು ದಿನ ಫೋನನ್ನು ಅಡುಗೆಮನೆಗೂ ಹಿಡಿದುಕೊಂಡೇ ತಿರುಗಿದಳು. ಭವಾನಿಯನ್ನು ತಾನು ಮುಳುಗಿಸಿದೆನೋ, ಉಳಿಸಿದೆನೋ ತಿಳಿಯಲಿಲ್ಲ.

ಮೂರನೆಯ ದಿನ ಮೈದಾನದ ಕಾರ್ಯದರ್ಶಿ ಭೀಮಾಶಂಕರ ಫೋನ್ ಮಾಡಿದ. "ಮೇಡಂ, ಮೂರು ಸಲ ಓದೀನ್ರಿ. ಆಕಿ ಗೆದ್ದಾಳಂತ ಬರ್ದೀರೋ, ಇಲ್ಲಂತ ಬರ್ದೀರೋ?"

"ಎರಡೂ ಬರ್ದಿಲ್ರಿ."

"ಅದೇ ತ್ರಾಸು. ಕಾಶಪ್ಪ ಮಾಸ್ತರಿಗೂ ಕೇಳ್ದೆ. ಆಕಿ ಮನಸ್ಸಿನಾಗ ಏನಿತ್ತು ಆಕೀನೇ ಹೇಳಬೇಕು ಅಂದ್ರು. ನಾಳೆ ಛಾಪಿಸಾಕ ಕೊಡಬೇಕು. ಗೆದ್ದವರ ಪಟ್ಟಿಯೊಳಗ ಮೊದಲನೇ ವರ್ಷದ ಮುಂದ ಯಾರ ಹೆಸರು ಹಾಕ್ಲಿ?"

"ಭವಾನಿ ಅವರನ್ನೇ ಕೇಳಿಬಿಡ್ರಿ."

"ಕೇಳ್ದೆ," ಎಂದ ಭೀಮಾಶಂಕರ. "ನಿಮಗ ಕೇಳು ಅಂದ್ರು."