ಸಿದ್ದಗಂಗಮ್ಮ ಬಸ್ಸಿಳಿದದ್ದು

ಸಿದ್ದಗಂಗಮ್ಮ ಬಸ್ಸಿನಿಂದ ಬಿದ್ದ ಸುದ್ದಿ ಸಿದ್ದಗಂಗಮ್ಮನಿಗಿಂತ ಮೊದಲೇ ಮನೆ ಮುಟ್ಟಿತ್ತು. ಗುಬ್ಬಿ ಎಂಬ ಊರೇ ಹಾಗೆ. ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಸೀನಿದರೆ ಪೇಟೆ ಬೀದಿಯ ತುದಿಯಲ್ಲಿ ಇನ್ನೊಬ್ಬರು ‘ಶಿವ ಶಿವಾ’ ಎನ್ನುತ್ತಾರೆ. ಸೊಸೆ ಗಂಗಾಂಬಿಕೆ ಗಾಬರಿಯಿಂದ ಬಾಗಿಲಿಗೆ ಓಡಿ ಬರುವ ಹೊತ್ತಿಗೆ ಅತ್ತೆ ಸೆರಗಿನ ಮಣ್ಣು ಕೊಡವುತ್ತ, ಎಲೆ ಅಡಿಕೆ ಚೀಲವನ್ನು ಎದೆಗವುಚಿಕೊಂಡು ಮೆಟ್ಟಿಲು ಹತ್ತಿ ಬಂದರು. ಬಂದವರೇ ಜಗಲಿಯ ಮೇಲೆ ಕೂತು ತೀರ್ಪು ಕೊಟ್ಟರು.

“ಇನ್ಮೇಲೆ ಈ ಮನೆ ಹೆಣ್ಮಕ್ಕಳು ಯಾರೂ ಬಸ್ ಹತ್ತಂಗಿಲ್ಲ. ಅದು ದೂಕುತ್ತೆ ಕಣೇ! ನಾನು ನೆಟ್ಟಗೆ ಇಳೀತಿದ್ದೆ, ಅದೇ ದೂಕ್ತು!”

ಅತ್ತೆಗೆ ಪೆಟ್ಟೇನೂ ಆಗಿರಲಿಲ್ಲ. ಪೆಟ್ಟು ಬಿದ್ದದ್ದು ಗಂಗಾಂಬಿಕೆಯ ಕಾಲೇಜಿಗೆ.

ಇದು ಅರವತ್ತೆರಡನೇ ಇಸವಿಯ ಮಾತು. ಗಂಗಾಂಬಿಕೆ ಕುಣಿಗಲ್ಲಿನ ಹುಡುಗಿ. ತುಮಕೂರಿನಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಪಿಯುಸಿ ಮುಗಿಸಿದವಳು, ಭೌತಶಾಸ್ತ್ರವೆಂದರೆ ಹಬ್ಬದೂಟ ಕಂಡಂತೆ ಮಾಡುವವಳು. ಮದುವೆಯ ಮಾತುಕತೆಯಲ್ಲಿ ಮಾವ ಚಂದ್ರಶೇಖರಯ್ಯನವರು “ಬಿಎಸ್ಸಿ ಓದಲಿ, ನಮ್ಮದೇನೂ ಅಡ್ಡಿಯಿಲ್ಲ” ಎಂದಿದ್ದರು. ಗಂಡ ಅಪ್ಪಾಜಿ ಚಿತ್ರದುರ್ಗದಲ್ಲಿ ಓವರ್‌ಸಿಯರ್, ಅವನೂ ತಲೆಯಾಡಿಸಿದ್ದ. ಆದರೆ ಮಾವನ ಮಾತು ನಡೆಯುತ್ತಿದ್ದುದು ಕೊಬ್ಬರಿ ಮಂಡಿಯಲ್ಲಿ. ಮನೆಯಲ್ಲಿ ನಡೆಯುತ್ತಿದ್ದುದು ಸಿದ್ದಗಂಗಮ್ಮನ ಮಾತು. ಮದುವೆಯಾದ ಮೇಲೆ ಸೋದರತ್ತೆಯ ಮನೆಯಲ್ಲಿರುವ ಮಾತಿರಲಿಲ್ಲ, ರೈಲು ಕಾಲೇಜಿನ ಹೊತ್ತಿಗೆ ಸರಿಬರುತ್ತಿರಲಿಲ್ಲ. ಬಸ್ಸಿಲ್ಲದಿದ್ದರೆ ತುಮಕೂರಿಲ್ಲ, ತುಮಕೂರಿಲ್ಲದಿದ್ದರೆ ಬಿಎಸ್ಸಿಯಿಲ್ಲ. ಕಾಲೇಜು ತೆರೆಯಲು ಇನ್ನು ಒಂದು ತಿಂಗಳೂ ಇರಲಿಲ್ಲ.

ಈಗ ಆ ಬಸ್ಸಿನ ವಿಚಾರ ಹೇಳಬೇಕು. ನಂದಿಕೇಶ್ವರ ಮೋಟಾರ್ ಸರ್ವಿಸ್ ಎಂದು ಹಣೆಯ ಮೇಲೆ ಬರೆಸಿಕೊಂಡು ಗುಬ್ಬಿಯಿಂದ ತುಮಕೂರು ಹಾದು ಕುಣಿಗಲ್ಲಿಗೆ ಹೋಗುತ್ತಿದ್ದ ಅದರ ಬ್ಯಾಟರಿ ಸತ್ತು ಎಷ್ಟು ಕಾಲವಾಗಿತ್ತೋ ಶಿವನೇ ಬಲ್ಲ. ನಿಂತರೆ ಇಂಜಿನ್ನೂ ನಿಲ್ಲುತ್ತಿತ್ತು. ಮತ್ತೆ ಹೊರಡಬೇಕಾದರೆ ಜನರೆಲ್ಲ ಇಳಿದು ತಳ್ಳಬೇಕು. ಅದಕ್ಕೇ ಡ್ರೈವರ್ ಕದರಯ್ಯ ಬಸ್ಸನ್ನು ನಿಲ್ಲಿಸುತ್ತಲೇ ಇರಲಿಲ್ಲ. ಊರು ಬಂದಾಗ ನಿಧಾನ ಮಾಡಿ, “ಇಳೀರವ್ವೋ, ಇಳೀರಪ್ಪೋ! ನಿಂತ್ರೆ ನೀವೇ ತಳ್ಬೇಕು!” ಎಂದು ಕೂಗುತ್ತಿದ್ದ. ಜನ ಹಲಸಿನ ಹಣ್ಣು ಉದುರಿದಂತೆ ಉದುರುತ್ತಿದ್ದರು.

ಸಿದ್ದಗಂಗಮ್ಮನ ತೌರು ಗೂಳೂರು. ಅಲ್ಲಿಯ ಹೆಣ್ಣುಮಕ್ಕಳಿಗೆ ಒಂದು ಜಂಬ: ಎತ್ತಿನ ಗಾಡಿಯಿಂದ ಇಳಿಯಲು ಎತ್ತು ನಿಲ್ಲಿಸುವಂತಿಲ್ಲ. ನಡೆಯುವ ಗಾಡಿಯ ಹಿಂಬದಿಯಲ್ಲಿ ಬಂದ ದಾರಿಗೆ ಮುಖ ಮಾಡಿ ಕೂತು, ಟಕ್ಕೆಂದು ನೆಲಕ್ಕೆ ಇಳಿದವಳೇ ಗಟ್ಟಿಗಿತ್ತಿ. ‘ನಿಲ್ಲಿಸಪ್ಪ’ ಎಂದು ಕೇಳಿದವಳನ್ನು ಸಾಯುವ ತನಕ ಆಡಿಕೊಳ್ಳುತ್ತಿದ್ದರು. ಆ ಗಟ್ಟಿಗಿತ್ತಿ ಕ್ಯಾತ್ಸಂದ್ರದ ಮಠಕ್ಕೆ ಹೋಗಿ ಬರುವಾಗ, ಬಸ್ಸಿನ ಹಿಂದಿನ ಬಾಗಿಲಲ್ಲೂ ಬಂದ ದಾರಿಗೇ ಮುಖ ಮಾಡಿ ನಿಂತು, ಗೂಳೂರಿನ ಠೀವಿಯಲ್ಲಿ ಇಳಿದಿದ್ದರು. ಇಳಿದವರು ಆಕಾಶ ನೋಡುತ್ತಿದ್ದರು. ಹೂ ಮಾರುವ ಹನುಮಮ್ಮ ಎದುರಿಗೇ ಕೂತಿದ್ದಳು, ಕಣ್ತುಂಬ ಕಂಡಳು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಸಿದ್ದಗಂಗಮ್ಮ ಬಸ್ಸೇ ಡೊಂಕು ಎಂದರು.

ಮಾರನೆಯ ದಿನ ಅತ್ತೆ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದಾಗ ಗಂಗಾಂಬಿಕೆ ಮೆಲ್ಲಗೆ ಮಾತು ತೆಗೆದಳು.

“ಅತ್ತೆ, ಬಸ್ಸು ದೂಕಲಿಲ್ಲ. ನೀವು ಯಾಕೆ ಬಿದ್ರಿ ಅಂತ ನಂಗೊತ್ತು.”

“ಓಹೋ! ಬಿದ್ದೋಳು ನಾನು, ಗೊತ್ತಿರೋದು ನಿಂಗೆ!”

“ಬೀಳ್ದಂಗೆ ಇಳಿಯೋದು ಹೇಳ್ಕೊಡ್ತೀನಿ. ಮುಂದಿನ ವಾರ ಕುಣಿಗಲ್‌ಗೆ ನಮ್ಮ ತೌರಿನ ನಾಮಕರಣಕ್ಕೆ ಹೋಗ್ಬೇಕಲ್ಲ, ಅಲ್ಲಿ ನೀವು ಬೀಳ್ದೆ ಇಳಿದ್ರೆ ನನ್ನ ಕಾಲೇಜಿಗೆ ಕಳಿಸ್ಬೇಕು.”

ಸಿದ್ದಗಂಗಮ್ಮ ಎಲೆ ಮಡಿಸಿ ಬಾಯಿಗಿಟ್ಟುಕೊಂಡರು. ಅಗಿದರು. ಹನುಮಮ್ಮ ಇಡೀ ಊರಿನ ಮುಂದೆ ತಮ್ಮ ಬೀಳುವಿಕೆಯನ್ನು ಅಭಿನಯಿಸಿ ತೋರಿಸುತ್ತಿರುವ ಸುದ್ದಿ ಅವರ ಕಿವಿಗೆ ಬಿದ್ದಿತ್ತು.

“ಬಿದ್ರೆ?”

“ಬಿದ್ರೆ ಪುಸ್ತಕ ಎಲ್ಲಾ ಅಟ್ಟಕ್ಕೆ. ಮತ್ತೆ ಬಾಯಿ ಬಿಡಲ್ಲ.” ಗಂಗಾಂಬಿಕೆ ಹೇಳಿಬಿಟ್ಟಿದ್ದಳು. ಮಾತು ಆಡಿದರೆ ಹೋಯಿತು.

ಮೊದಲ ಪಾಠ ಮಣೆಯ ಮೇಲೆ ನಡೆಯಿತು. ಊಟದ ಮಣೆಯೊಂದಕ್ಕೆ ಹಗ್ಗ ಕಟ್ಟಿ, ಅದರ ಮೇಲೆ ಕಂಠಮಟ್ಟ ನೀರಿದ್ದ ಹಿತ್ತಾಳೆ ಲೋಟ ಇಟ್ಟಳು. ಹಗ್ಗವನ್ನು ತಟಕ್ಕನೆ ಎಳೆದಳು. ನೀರು ಹಿಂದಕ್ಕೆ ಚೆಲ್ಲಿತು. ಮತ್ತೆ ತುಂಬಿಸಿ, ಮೆಲ್ಲಗೆ ಶುರು ಮಾಡಿ ಒಂದೇ ಸಮನೆ ಎಳೆದುಕೊಂಡು ಹೋದಳು. ನೀರು ಅಲುಗಲಿಲ್ಲ. ತಟಕ್ಕನೆ ನಿಲ್ಲಿಸಿದಳು. ನೀರು ಮುಂದಕ್ಕೆ ಹಾರಿ ಅತ್ತೆಯ ಪಾದ ತೊಳೆಯಿತು.

“ನೋಡಿ ಅತ್ತೆ. ನಿಂತಿರೋ ನೀರಿಗೆ ನಿಂತೇ ಇರಬೇಕು ಅಂತ ಇರುತ್ತೆ. ಹೋಗ್ತಿರೋ ನೀರಿಗೆ ಹೋಗ್ತಾನೇ ಇರಬೇಕು ಅಂತ. ಯಾರಾದ್ರೂ ತಳ್ಳೋವರೆಗೂ, ಇಲ್ಲ ತಡೆಯೋವರೆಗೂ ಬದಲಾಗಲ್ಲ.”

“ನಿಮ್ಮಾವನಂಗೆ” ಎಂದರು ಸಿದ್ದಗಂಗಮ್ಮ ಕೂಡಲೇ. “ಕೂತ್ರೆ ಏಳಲ್ಲ. ಎದ್ದು ಹೊರಟ್ರೆ ಕರೆದ್ರೂ ನಿಲ್ಲಲ್ಲ.”

ಗಂಗಾಂಬಿಕೆಗೆ ಖುಷಿಯೋ ಖುಷಿ. ಪಿಯುಸಿಯಲ್ಲಿ ಮೇಷ್ಟ್ರು ಇದನ್ನು ಬೋರ್ಡಿನ ತುಂಬ ಬರೆದಿದ್ದರು. ಅತ್ತೆ ಗಂಡನ ಲೆಕ್ಕದಲ್ಲಿ ಮುಗಿಸಿಬಿಟ್ಟಿದ್ದರು. “ಹಂಗೇ! ಬಸ್ಸಲ್ಲಿ ಕೂತಾಗ ನೀವೂ ಬಸ್ಸಿನಷ್ಟೇ ಜೋರಾಗಿ ಹೋಗ್ತಿರ್ತೀರ. ಕಾಲು ನೆಲ ಮುಟ್ಟಿದ್ ತಕ್ಷಣ ಕಾಲು ನಿಂತುಬಿಡುತ್ತೆ. ಮೈ ನಿಲ್ಲಲ್ಲ, ಬಸ್ ಹೋಗ್ತಿರೋ ಕಡೆಗೇ ಹೋಗುತ್ತೆ. ನೀವು ಬಂದ ದಾರಿ ನೋಡ್ತಾ ಇಳಿದ್ರೆ ಅದು ನಿಮ್ಮ ಬೆನ್ನ ಕಡೆ. ಅದಕ್ಕೇ ಅಂಗಾತ ಬಿದ್ರಿ.”

“ಮತ್ತೆ ಗಾಡಿಯಿಂದ ಯಾವತ್ತೂ ಬಿದ್ದಿಲ್ವಲ್ಲೇ?”

“ಎತ್ತು ಎಷ್ಟು ಜೋರಾಗಿ ಹೋಗುತ್ತೆ ಅತ್ತೆ? ಅಷ್ಟಕ್ಕೆ ಮೈ ತಡ್ಕೊಳ್ಳುತ್ತೆ.”

ಸಿದ್ದಗಂಗಮ್ಮ ಲೋಟವನ್ನು ಬೆರಳಲ್ಲಿ ತಟ್ಟಿ ನೋಡಿದರು. ಆಮೇಲೆ ಹೇಳಿದ ಮಾತಿಗೆ ಸೊಸೆಯ ಕೈಯಲ್ಲಿದ್ದ ಹಗ್ಗ ಜಾರಿತು.

“ಲೋಟ ಬುಡು. ನನ್ನ ಕೂರಿಸ್ಕೊಂಡು ಎಳಿ.”

ಹಿತ್ತಲಲ್ಲಿ ಒಣಗಿದ ತೆಂಗಿನ ಗರಿಯೊಂದು ಬಿದ್ದಿತ್ತು. ಗೂಳೂರಿನ ಹುಡುಗಿಯಾಗಿದ್ದಾಗ ಎಷ್ಟು ಗರಿ ಸವಾರಿ ಮಾಡಿದ್ದರೋ, ಸಿದ್ದಗಂಗಮ್ಮ ಸೀರೆ ಎತ್ತಿ ಕಟ್ಟಿ ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟರು. ಗಂಗಾಂಬಿಕೆ ಗರಿಯ ಬುಡದ ಮಟ್ಟೆ ಹಿಡಿದು ಎಳೆದಳು. ಗರಿ ಅಲುಗಲಿಲ್ಲ. ಹಲ್ಲು ಕಚ್ಚಿ ಎಳೆದಳು. ಬಳೆ ಒಡೆಯಿತು, ಗರಿ ಮಾತ್ರ ಅಲ್ಲೇ.

“ಭಾರ ಜಾಸ್ತಿ ಇದ್ದಷ್ಟೂ ಅಲುಗಿಸೋದು ಕಷ್ಟ, ಅತ್ತೆ. ಅದೂ ಪಾಠವೇ” ಎಂದಳು ಏದುಸಿರಲ್ಲಿ.

“ಪಾಠಾನೋ, ಬೈತಿದೀಯೋ?” ಎಂದ ಅತ್ತೆ ಪಾತ್ರೆ ತೊಳೆಯುತ್ತಿದ್ದ ರಂಗಮ್ಮನನ್ನು ಕರೆದರು. ಮನೆಗೆಲಸದ ರಂಗಮ್ಮನ ತೋಳು ಒನಕೆಯನ್ನು ಪಳಗಿಸಿದ ತೋಳು. ಇಬ್ಬರೂ ಸೇರಿ ಎಳೆದಾಗ ಗರಿ ಜರ್ರೆಂದು ಹೊರಟಿತು. ಅತ್ತೆ ಹಿಂದಕ್ಕೆ ವಾಲಿ “ಅಯ್ಯಯ್ಯೋ, ಲೋಟದ ನೀರು! ಲೋಟದ ನೀರು!” ಎಂದು ಕೂಗಿದರು. ಎಳೆತ ಜೋರಾದಷ್ಟೂ ಓಟ ಏರಿತು. ಬಾವಿಕಟ್ಟೆ ಸುತ್ತಿದರು, ದನದ ಕೊಟ್ಟಿಗೆ ದಾಟಿದರು, ಕರು ಬೆದರಿ ಹಗ್ಗ ಕಿತ್ತುಕೊಂಡಿತು. ಆಗ ಗರಿ ಬಟ್ಟೆ ಒಗೆಯುವ ಕಲ್ಲಿಗೆ ಸಿಕ್ಕಿ ಗಕ್ಕನೆ ನಿಂತಿತು. ಸಿದ್ದಗಂಗಮ್ಮ ನಿಲ್ಲಲಿಲ್ಲ. ಗರಿ ಬಿಟ್ಟು ಮುಂದಕ್ಕೆ ಜಾರಿ ಹುಲ್ಲಿನ ಮೆದೆಯೊಳಗೆ ಹೊಕ್ಕರು.

ಗಂಗಾಂಬಿಕೆ ಮೆದೆಯತ್ತ ಓಡಿದಳು. ಹುಲ್ಲಿನೊಳಗಿಂದ ಮೊದಲು ಒಂದು ಕೈ ಬಂತು, ಆಮೇಲೆ ನಗು ಬಂತು. ಅತ್ತೆ ನಕ್ಕದ್ದನ್ನು ಅವಳು ಕೇಳಿದ್ದು ಅದೇ ಮೊದಲು. ಮದುವೆಯಾದಂದಿನಿಂದ ತಾನು ಯಾರಿಗೆ ಹೆದರಿದ್ದಳೋ ಆ ಹೆಂಗಸು ತಲೆತುಂಬ ಹುಲ್ಲು ಮುಡಿದುಕೊಂಡು ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು. ಗಂಗಾಂಬಿಕೆಗೆ ಅತ್ತೆಯ ಮೇಲೆ ಪ್ರೀತಿ ಉಕ್ಕಿಬಂತು.

“ಗರಿ ನಿಂತ್ರೂ ನಾನು ನಿಲ್ಲಲಿಲ್ಲ ಕಣೇ ಗಂಗೀ! ಇನ್ನೊಂದ್ಸಲ!”

ಮಧ್ಯಾಹ್ನ ಊಟಕ್ಕೆ ಬಂದ ಚಂದ್ರಶೇಖರಯ್ಯನವರು ಹಿತ್ತಲ ಬಾಗಿಲಲ್ಲಿ ನಿಂತು, ಹೆಂಡತಿ ಗರಿಯ ಮೇಲೆ ಮೆರವಣಿಗೆ ಹೋಗುತ್ತಿರುವುದನ್ನು ನೋಡಿ, ಏನೂ ಕೇಳದೆ ಮಂಡಿಗೆ ವಾಪಸು ಹೋದರು. ಅವತ್ತು ಅವರು ಉಂಡದ್ದು ಹೋಟೆಲಿನಲ್ಲಿ.

ಮುಂದಿನ ದಿನಗಳಲ್ಲಿ ಇಳಿಯುವ ಪಾಠ. ಬಸ್ಸು ಹೋಗುವ ಕಡೆಗೇ ಮುಖ ಮಾಡಬೇಕು. ಕಂಬಿ ಹಿಡಿಯಬೇಕು. ಕಾಲು ನೆಲ ಮುಟ್ಟಿದ ತಕ್ಷಣ ನಿಲ್ಲಬಾರದು, ಬಸ್ಸಿನ ಜೊತೆಗೇ ಓಡಬೇಕು. ಜಗಲಿಯಿಂದ ಅಂಗಳಕ್ಕೆ ಇಳಿದು ಓಡಿ ಓಡಿ ಸಿದ್ದಗಂಗಮ್ಮ ಸರಾಗವಾಗಿ ಕಲಿತರು. ಓಡಿದ ಮೇಲೆ ನಿಲ್ಲುವುದು ಹೇಗೆಂದು ಬಿಡಿಸಿ ಹೇಳಲು ಗಂಗಾಂಬಿಕೆ ಮರೆತಳು. ಅಂಗಳದ ಕೊನೆಗೆ ಗೋಡೆಯಿತ್ತು, ಅತ್ತೆ ಗೋಡೆ ಹಿಡಿದು ನಿಲ್ಲುತ್ತಿದ್ದರು. ಅದನ್ನು ಯಾರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ?

ನಾಮಕರಣದ ದಿನ ಕುಣಿಗಲ್ ಕೆರೆ ಏರಿ ಕಂಡಿತು. ಅಲ್ಲಿಂದ ತಗ್ಗಿಗೆ ಇಳಿದರೆ ಗಂಗಾಂಬಿಕೆಯ ತೌರು. ತಾಯಿ ಬಸಮ್ಮಣ್ಣಿ ಬೀಗಿತ್ತಿಯನ್ನು ಎದುರುಗೊಳ್ಳಲು ಮರದ ಕೆಳಗೆ ನಿಂತಿದ್ದಳು. ಕದರಯ್ಯ ಬಸ್ಸು ನಿಧಾನ ಮಾಡಿದ. “ಇಳೀರವ್ವೋ!”

ಗಂಗಾಂಬಿಕೆ ಮೊದಲು ಇಳಿದು ಜೊತೆಗೇ ಓಡುತ್ತ ತಿರುಗಿ ನೋಡಿದಳು. ಅತ್ತೆ ಮೆಟ್ಟಿಲ ಮೇಲಿದ್ದರು. ಒಂದು ಗಳಿಗೆ ಹಳೆಯ ಗೂಳೂರು ತಲೆಯೆತ್ತಿತು. ಮೈ ತಾನಾಗಿ ಹಿಂದಕ್ಕೆ ತಿರುಗತೊಡಗಿತು.

“ಮುಂದಕ್ಕೆ ಅತ್ತೆ! ಮುಂದಕ್ಕೆ!”

ಸಿದ್ದಗಂಗಮ್ಮ ಮುಂದಕ್ಕೆ ತಿರುಗಿದರು, ಕಂಬಿ ಬಿಟ್ಟರು, ನೆಲ ಮುಟ್ಟಿದರು. ಬೀಳಲಿಲ್ಲ! ಓಡಿದರು. ಏನು ಚೆಂದದ ಓಟ! ಬಸ್ಸಿನ ಪಕ್ಕದಲ್ಲೇ ಓಡಿದರು, ಬಸ್ಸು ತಿರುಗಿಕೊಂಡಿತು, ಅವರು ತಿರುಗಲಿಲ್ಲ, ಇಳಿಜಾರಿಗೆ ಬಿದ್ದ ಓಟ ಇನ್ನೂ ಹೆಚ್ಚಾಯಿತು. ಊರಿನ ಕುದುರೆ ಸಾಕುವ ಫಾರಂನ ಕುದುರೆಯೊಂದನ್ನು ಅಡ್ಡಾಡಿಸುತ್ತಿದ್ದ ಆಳು ಕುದುರೆಯನ್ನು ಬದಿಗೆ ಎಳೆದುಕೊಂಡು ದಾರಿ ಬಿಟ್ಟ. ಕುದುರೆಯೇ ಬೆರಗಾಗಿ ನೋಡಿತು.

“ಗಂಗೀ, ನಿಲ್ಲೋದು ಹೆಂಗೇ?” ಎಂಬ ಕೂಗು ತಗ್ಗಿನಿಂದ ಬಂತು.

ಹೇಳಿಕೊಡಲು ಸಮಯವಿರಲಿಲ್ಲ. ಬಸಮ್ಮಣ್ಣಿ, ಬೀಗಿತ್ತಿ ತನ್ನ ಮೇಲಿನ ಅಕ್ಕರೆಯಿಂದಲೇ ಓಡಿ ಬರುತ್ತಿದ್ದಾಳೆಂದು ತಿಳಿದು ಎರಡೂ ಕೈ ಚಾಚಿದಳು. ಮರುಗಳಿಗೆಗೆ ಇಬ್ಬರೂ ನೆಲದಲ್ಲಿದ್ದರು.

ಗಂಗಾಂಬಿಕೆ ಓಡಿ ಬಂದು ನಿಂತಳು. ಪುಸ್ತಕಗಳೆಲ್ಲ ಅಟ್ಟ ಏರುತ್ತಿರುವುದು ಕಣ್ಣಿಗೆ ಕಟ್ಟಿತು. ಸುತ್ತ ಜನ ಸೇರಿದರು. ಕಂಡಕ್ಟರ್ ಏರಿಯ ಮೇಲೆ ತೆವಳುತ್ತಿದ್ದ ಬಸ್ಸಿನಿಂದ ಕತ್ತು ಚಾಚಿ, “ಬಿದ್ರಾ ಅಮ್ಮೋರು?” ಎಂದು ಕೂಗಿದ.

ಸಿದ್ದಗಂಗಮ್ಮ ಸೆರಗು ಸರಿ ಮಾಡಿಕೊಂಡು ಕೂತಲ್ಲಿಂದಲೇ ಗದರಿದರು. “ಯಾವನ್ಲಾ ಅವನು? ನಾನು ಬಿದ್ದಿಲ್ಲ. ಬೀಗಿತ್ತಿ ಬಿದ್ಲು. ನಾನು ಅವಳ ಮೇಲೆ ಕೂತೆ!”

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಕೆಳಗಿದ್ದ ಬಸಮ್ಮಣ್ಣಿಯೂ ಮಗಳ ಮುಖ ನೋಡಿ ಏನರ್ಥ ಮಾಡಿಕೊಂಡಳೋ, “ಹೌದೌದು, ಬಿದ್ದೋಳು ನಾನೇ, ಈಗ ಏಳಿ ಬೀಗ್ರೇ” ಎಂದು ನರಳಿದಳು. ತಾಯಿ ಎಂದರೆ ಅವಳು! ಗಂಗಾಂಬಿಕೆ ರಸ್ತೆಯಲ್ಲೇ ಇಬ್ಬರನ್ನೂ ತಬ್ಬಿಕೊಂಡು ಅತ್ತಳೋ ನಕ್ಕಳೋ ಅವಳಿಗೇ ತಿಳಿಯಲಿಲ್ಲ. ನಾಮಕರಣದ ಮನೆಯಲ್ಲಿ ಮಗುವಿನ ಹೆಸರನ್ನು ಯಾರೂ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಎಲ್ಲರೂ ಸಿದ್ದಗಂಗಮ್ಮನ ಮಣೆ ಮತ್ತು ಲೋಟದ ಸುತ್ತ ಕೂತಿದ್ದರು.

ಕಾಲೇಜು ತೆರೆದ ದಿನ ಅತ್ತೆಯೇ ಬಸ್ ಸ್ಟ್ಯಾಂಡಿನವರೆಗೆ ಬಂದರು. ನಂದಿಕೇಶ್ವರ ಎಂದಿನಂತೆ ನಿಲ್ಲದೆ ತೆವಳುತ್ತ ಬಂತು. ಗಂಗಾಂಬಿಕೆ ಪುಸ್ತಕ ಎದೆಗಪ್ಪಿ ಎರಡು ಹೆಜ್ಜೆ ಓಡಿ ಕಂಬಿ ಹಿಡಿದು ಮೆಟ್ಟಿಲ ಮೇಲೆ ಕಾಲಿಟ್ಟಳು. ಒಳಗೆ ನೋಡಿದಳು. ಒಬ್ಬ ಹೆಂಗಸೂ ಇರಲಿಲ್ಲ. ಬಸ್ಸಿನ ತುಂಬ ಗಂಡಸರ ಕಣ್ಣು, ಎಲ್ಲವೂ ಅವಳ ಮೇಲೆ. ಅವಳ ಕಾಲು ಕಲ್ಲಾಯಿತು. ಇನ್ನೊಂದು ಕಾಲು ನೆಲ ಬಿಡಲೊಲ್ಲದು. ಬಸ್ಸು ಎಳೆಯುತ್ತಿದೆ, ಅವಳು ಕುಂಟುತ್ತಿದ್ದಾಳೆ. ಇಳಿದು ಮನೆಗೆ ಹೋಗಿಬಿಡೋಣ ಎನ್ನಿಸಿತು. ಎಷ್ಟೊಂದು ಹೋರಾಡಿ, ಕೊನೆಗೆ ಇಷ್ಟೇನಾ ತಾನು ಎಂದು ಅಳು ಬಂತು.

“ನಿಂತಿದ್ದು ನಿಂತೇ ಇರುತ್ತೆ, ಯಾರಾದ್ರೂ ತಳ್ಳೋವರೆಗೂ ಅಂದಿದ್ದು ನೀನೇ ತಾನೇ!” ಬೆನ್ನ ಹಿಂದೆ ಓಡಿ ಬರುತ್ತಿದ್ದ ಅತ್ತೆಯ ದನಿ. ಮರುಗಳಿಗೆಗೆ ಗೂಳೂರಿನ ಎರಡು ಅಂಗೈ ಅವಳ ಬೆನ್ನಿಗೆ ಬಿದ್ದವು. ಗಂಗಾಂಬಿಕೆ ಬಸ್ಸಿನೊಳಕ್ಕೆ ಹಾರಿ ಬಿದ್ದು ಕಂಡಕ್ಟರನ ಚರ್ಮದ ಚೀಲ ಹಿಡಿದು ನಿಂತಳು.

ಚಲನೆಯ ಮೂರನೆಯ ನಿಯಮವನ್ನು, ತಳ್ಳಿದವರಿಗೂ ಅಷ್ಟೇ ತಳ್ಳು ವಾಪಸು ಬೀಳುತ್ತದೆ ಎಂಬುದನ್ನು, ಅವಳು ಇನ್ನೂ ಅತ್ತೆಗೆ ಹೇಳಿಕೊಟ್ಟಿರಲಿಲ್ಲ. ಹಿಂದಿನ ಗಾಜಿನಲ್ಲಿ ನೋಡಿದರೆ, ಸೊಸೆಯನ್ನು ತಳ್ಳಿದ ರಭಸಕ್ಕೆ ಸಿದ್ದಗಂಗಮ್ಮ ಅಷ್ಟೇ ಜೋರಾಗಿ ಹಿಂದಕ್ಕೆ ಹೋಗಿ ಹನುಮಮ್ಮನ ಹೂವಿನ ಬುಟ್ಟಿಯೊಳಗೆ ಕೂತಿದ್ದರು. ಹನುಮಮ್ಮ ತಲೆ ಚಚ್ಚಿಕೊಳ್ಳುತ್ತಿದ್ದಳು. ಬಸ್ ಸ್ಟ್ಯಾಂಡಿಗೆ ಬಸ್ ಸ್ಟ್ಯಾಂಡೇ ನಗುತ್ತಿತ್ತು.

ಸಿದ್ದಗಂಗಮ್ಮ ಯಾರ ಕಡೆಗೂ ನೋಡಲಿಲ್ಲ. ಮಡಿಲ ತುಂಬ ಕನಕಾಂಬರ, ಕಿವಿಯ ಮೇಲೊಂದು ಸೇವಂತಿಗೆ. ದೂರವಾಗುತ್ತಿದ್ದ ಬಸ್ಸಿಗೆ ಕೈಯೆತ್ತಿ ಕೂಗಿದರು:

“ತಳ್ಳಿದ್ದು ನಿನ್ನ! ನಾನ್ಯಾಕೆ ಬಿದ್ದೆ ಅಂತ ಸಂಜೆಗೆ ಕೇಳ್ಕೊಂಡು ಬಾರೇ!”